ಎರಡು ಸಲ ಹಸಿರಾದ ಕಾಡು

ದತ್ತಾತ್ರೇಯರಿಗೆ ಒಂದು ರೂಢಿಯಿತ್ತು. ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ಮುಗಿಸಿದ ನಕ್ಷೆಯನ್ನು ಭಾನುವಾರ ಮನೆಯಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಮತ್ತೊಮ್ಮೆ ಬರೆಯುತ್ತಿದ್ದರು. ಅದನ್ನು ಯಾರೂ ಕೇಳಿದ್ದಲ್ಲ. ಕೈಯಿಂದಲೇ ನಕ್ಷೆ ಬರೆದು ಬದುಕು ಆರಂಭಿಸಿದವರಿಗೆ, ಕೈ ಆಡದೆ ಮುಗಿದ ಕೆಲಸ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಅವರ ಅಜ್ಜ ರಾಯಚೂರಿನ ಕಡೆಯಿಂದ ಹೈದರಾಬಾದಿನ ಕಂದಾಯ ಇಲಾಖೆಗೆ ಬಂದವರು. ತಂದೆ ಅದೇ ಇಲಾಖೆಯಲ್ಲಿದ್ದು ದಿಲ್‌ಸುಖ್‌ನಗರದಲ್ಲಿ ಮನೆ ಕಟ್ಟಿಸಿದವರು. ದತ್ತಾತ್ರೇಯರಿಗೆ ಸರಕಾರಿ ನೌಕರಿ ದಕ್ಕಲಿಲ್ಲ. ಖಾಸಗಿ ನಕ್ಷೆ ಕಚೇರಿಯೊಂದರಲ್ಲಿ ತಲೆ ನರೆಯಿತು. ಅಲ್ಲಿ ಅವರು ಸಿದ್ಧಪಡಿಸಿದ ಯಾವ ವರದಿಯ ಮೇಲೂ ಅವರ ಹೆಸರು ಬಂದದ್ದಿಲ್ಲ.

ಈ ಸಲ ಬರುವುದಿತ್ತು. ಐದು ವಲಯಗಳಲ್ಲಿ ಯಾವುದು ಎಷ್ಟು ನೆಲವನ್ನು ಕಾಡಿಗೂ ಕಾಡುಪ್ರಾಣಿಗಳಿಗೂ ಬಿಟ್ಟಿದೆ ಎಂದು ಹೋಲಿಸುವ ವರದಿ ಅದು. ಮುಖಪುಟದಲ್ಲಿ ತನ್ನ ಹೆಸರಿನ ಕೆಳಗೆ ಅವರದನ್ನೂ ಹಾಕುವುದಾಗಿ ಕಚೇರಿಯ ಯುವ ಮಾಲೀಕ ಆಶಿಷ್ ಹೇಳಿದ್ದ. ಹೆಂಡತಿ ಯಮುನಾಬಾಯಿ ಆಗಲೇ ರಾಯಚೂರಿನ ಅಕ್ಕನಿಗೆ ಫೋನ್ ಮಾಡಿ ತಿಳಿಸಿಯೂ ಆಗಿತ್ತು.

ಅಚ್ಚಿಗೆ ಹೋಗುವ ಮುಂಚಿನ ಭಾನುವಾರ. ಮೀಸಲು ಅರಣ್ಯಕ್ಕೆ ಬಲಕ್ಕೆ ವಾಲಿದ ಹಸಿರು ಗೆರೆ, ಅಭಯಾರಣ್ಯಕ್ಕೆ ಎಡಕ್ಕೆ ವಾಲಿದ ಹಸಿರು ಗೆರೆ. ನಾಲ್ಕು ವಲಯಗಳಲ್ಲಿ ಇವು ಬೇರೆಬೇರೆಯಾಗಿಯೇ ನಿಂತವು. ದಕ್ಷಿಣ ವಲಯದಲ್ಲಿ ಗೆರೆಯ ಮೇಲೆ ಗೆರೆ ಬಿದ್ದು ಜಾಳಿಗೆಯಾಯಿತು. ಅಲ್ಲಿಯ ಅಭಯಾರಣ್ಯ ಮೀಸಲು ಅರಣ್ಯದ ಒಳಗೇ ಇತ್ತು. ಕಚೇರಿಯಲ್ಲಿ ಎರಡರ ವಿಸ್ತೀರ್ಣವನ್ನೂ ಕೂಡಿಸಿದ್ದವರು ಅವರೇ. ದಕ್ಷಿಣ ವಲಯ ಮೊದಲ ಸ್ಥಾನಕ್ಕೆ ಬಂದದ್ದು ಆ ಕೂಡಿಕೆಯಿಂದ.

“ಯಾಕ್ರಿ, ಪೆನ್ಸಿಲ್ ಮುರೀತೇನು?” ಯಮುನಾಬಾಯಿ ಒಳಗಿನಿಂದ ಕೇಳಿದರು.

“ಇಲ್ಲ. ಒಂದ ಕಾಡು ಎರಡ ಸಲ ಎಣಿಸೀನಿ.”

“ಒಂದ ಸಲ ತಗದ ಬಿಡ್ರಿ.”

“ತಗದ್ರ ದಕ್ಷಿಣ ವಲಯ ಮೂರನೇದಕ್ಕ ಇಳೀತೈತಿ.”

“ಇಳೀಲಿ! ಅದೇನು ನಿಮ್ಮ ಮಾವನ ಊರೇನ್ರಿ?”

“ಅದಲ್ಲ. ತಪ್ಪು ನಂದು. ತಪ್ಪು ಮಾಡಿದವನ ಹೆಸರು ಮುಖಪುಟದ ಮ್ಯಾಲೆ ಯಾರ ಹಾಕ್ತಾರ?”

ಯಮುನಾಬಾಯಿ ಹೊರಗೆ ಬಂದು ಹಾಳೆಯನ್ನು ನೋಡಿದರು. ಜಾಳಿಗೆಯಾದ ಜಾಗದ ಮೇಲೊಮ್ಮೆ ಬೆರಳಾಡಿಸಿ ಒಳಗೆ ಹೋದರು.

ಸೋಮವಾರ ಆಶಿಷ್ ಟ್ರೇಸಿಂಗ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಬೀದರಿನ ಕಡೆಯ ಮನೆತನದವನು. ಪ್ರೀತಿಯಿಂದ ಮಾತಾಡುವಾಗ ಕಾಕಾ ಎನ್ನುತ್ತಿದ್ದ.

“ಕಾಕಾ, ನೀವ ಹೇಳಲಿಲ್ಲಂದ್ರ ಯಾರಿಗಿ ತಿಳೀತಿತ್ರಿ?”

“ಯಾರಿಗೂ ಇಲ್ಲ ಸರ್.”

“ವರದಿ ಮಾಡಿಸಿದವರು ದಕ್ಷಿಣ ವಲಯದವರೇ, ಮೊದಲ್ನೇ ನಂಬರ್ ಅಂತ ಫಂಕ್ಷನ್ ಇಟ್ಕೊಂಡಾರ. ಈಗ ಮೂರು ಅಂದ್ರ ಯಾರ ತಪ್ಪು ಅಂತ ಕೇಳ್ತಾರ. ನಿಮ್ಮ ಹೆಸರು ಹೇಳಬೇಕಾಗ್ತದ. ಹೇಳಿದ ಮ್ಯಾಲ ಅದೇ ಹೆಸರು ಮುಖಪುಟದಾಗ ಹ್ಯಾಂಗ ಹಾಕ್ಲಿ? ಇದ್ದಂಗ ಬಿಟ್ರ ಹೆಸರೂ ಇರ್ತದ. ವಿಚಾರ ಮಾಡ್ರಿ.”

“ಅಷ್ಟು ನೆಲ ಅಲ್ಲಿ ಇಲ್ಲ ಸರ್. ಅದರಾಗ ವಿಚಾರ ಮಾಡೂದೇನೈತಿ.”

ಆಶಿಷ್ ಹಾಳೆಯನ್ನು ಹಿಂದಿರುಗಿಸಿ, ಅಚ್ಚಿನವರಿಗೆ ಫೋನ್ ಹಚ್ಚಿದ. ಕಾಕಾ ಎಂದು ಮತ್ತೆ ಅನ್ನಲಿಲ್ಲ, ಬೈಯಲೂ ಇಲ್ಲ.

ವರದಿ ತಡವಾಗಿ ಹೊರಬಂತು. ದಕ್ಷಿಣ ವಲಯ ಮೂರನೆಯದು. ಮುಖಪುಟದಲ್ಲಿ ಆಶಿಷ್ ಒಬ್ಬನ ಹೆಸರು. ದತ್ತಾತ್ರೇಯರು ಒಂದು ಪ್ರತಿಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದರು.

ಯಮುನಾಬಾಯಿ ಪುಟ ತಿರುವಿ, ದಕ್ಷಿಣ ವಲಯದ ನಕ್ಷೆ ಹುಡುಕಿ, ಫೋಟೋ ತೆಗೆದು ಅಕ್ಕನಿಗೆ ಕಳಿಸಿದರು. ಭಾಳ ಚಂದ ಐತಿ, ಹೆಸರು ಎಲ್ಲೈತಿ ಎಂದು ಅಕ್ಕ ಕೇಳಿದಳು.

“ಹೆಸರಿಲ್ಲ. ಲೆಕ್ಕ ಸರಿ ಐತಿ,” ಎಂದು ಯಮುನಾಬಾಯಿ ಬರೆದರು.