ಮೀನು ಮಾರುವವರು ಎಲ್ಲಿ ಕೂರಬೇಕು?

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುಮಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಮದುವೆ ಕಾಗದ, ರಸೀದಿ ಪುಸ್ತಕ ನಮ್ಮ ದಿನದ ಕೆಲಸ. ಮಳೆಗಾಲ ಮುಗಿದು ಯಕ್ಷಗಾನದ ಮೇಳಗಳು ಹೊರಟಾಗ ಮಾತ್ರ ದೊಡ್ಡ ಮರದ ಅಕ್ಷರಗಳು ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ಹೊನ್ನಾವರದಲ್ಲಿರಲಿ, ಭಟ್ಕಳದಲ್ಲಿರಲಿ, ಯಕ್ಷಗಾನದ ಆಟದ ಗುಲಾಬಿ ಪೋಸ್ಟರ್ ಕಂಡರೆ ಅದು ನಮ್ಮದೇ ಎಂಬ ಜಂಬ ನನಗೆ.

ನನ್ನ ಅಬ್ಬೆ ಹೊಳನಗದ್ದೆಯಿಂದ ಬುಟ್ಟಿ ಹೊತ್ತು ಬಂದು ಪೇಟೆಯ ಮೂಲೆಯಲ್ಲಿ ಮೀನು ಮಾರುತ್ತಿದ್ದಳು. ಅವಳ ಅತ್ತೆಯೂ ಅಲ್ಲೇ ಕೂತವಳು. ಇದ್ದಕ್ಕಿದ್ದಂತೆ ಅಕ್ಕಪಕ್ಕದ ಅಂಗಡಿಯವರ ಮೂಗಿಗೆ ವಾಸನೆ ಬಡಿಯಿತು. ಮೀನು ಮಾರುವ ಹೆಂಗಸರೆಲ್ಲ ಊರಾಚೆ ಗುಡ್ಡದ ಬುಡಕ್ಕೆ ಹೋಗಬೇಕು, ಇಲ್ಲವಾದರೆ ಭಾನುವಾರ ಬೆಳಿಗ್ಗೆ ಲಾರಿ ತಂದು ಬುಟ್ಟಿ ಎತ್ತಿಸುತ್ತೇವೆ ಎಂದರು. ಮನೆಯ ಸಾರಿಗೆಂದು ಮೀನು ಒಯ್ಯುವಾಗ ಇದೇ ಮೂಗು ಎಲ್ಲಿತ್ತೋ! ಗುಡ್ಡದ ಬುಡಕ್ಕೆ ಯಾವ ಗಿರಾಕಿಯೂ ಬರುವುದಿಲ್ಲವೆಂದು ಅಬ್ಬೆಗೆ ಗೊತ್ತಿತ್ತು. ಅವಳು ಅನ್ನ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿ.

ಶನಿವಾರ ನಾನೂ ಯಂತ್ರ ತುಳಿಯುವ ಗೆಳೆಯನೂ ಮರದ ಅಕ್ಷರಗಳನ್ನು ಇಳಿಸಿದೆವು. ಒಂದೇ ಗಾತ್ರದವು ಸಾಲದೆ ಸಿಕ್ಕಿದ್ದನ್ನೆಲ್ಲ ಬೆರೆಸಿದೆವು. ಮೇಲೆ 'ಇಂದು ಸಂಜೆ', ನಡುವೆ ದಪ್ಪಗೆ 'ಮೀನು ಮಾರುವವರು ಎಲ್ಲಿ ಕೂರಬೇಕು?', ಕೆಳಗೆ 'ಪೇಟೆಯ ಮೀನಿನ ಮೂಲೆಗೆ ತಪ್ಪದೇ ಬನ್ನಿ'. ಉಳಿದಿದ್ದ ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿದೆವು, ಪ್ರೆಸ್ಸಿನ ಹೆಸರು ಹಾಕಲಿಲ್ಲ. ಯಜಮಾನರು ಒಮ್ಮೆ ಇಣುಕಿ, ಕಾಣದವರಂತೆ ಚಹಾಕ್ಕೆ ಹೋದರು. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ, ಮೈದಾ ಅಂಟು ಬಳಿದು, ಅವರು ಮುಚ್ಚಿದ ಬಾಗಿಲುಗಳ ಮೇಲೆಯೇ ಹಚ್ಚಿದೆವು. ಆಟದ ಪೋಸ್ಟರ್ ಹಚ್ಚುವವರನ್ನು ಯಾರೂ ತಡೆಯುವುದಿಲ್ಲ.

ಓದಿದ ನಾಲ್ಕು ಜನ ಬಂದು ಅಂಗಡಿಯವರಿಗೆ ಬುದ್ಧಿ ಹೇಳಿಯಾರು ಎಂಬುದಷ್ಟೇ ನಮ್ಮ ಆಸೆ. ಸಂಜೆ ನೋಡಿದರೆ ಜನವೋ ಜನ. ಎಲ್ಲರ ಕಂಕುಳಲ್ಲೂ ಚಾಪೆ! ಕಡಲೆ ಮಾರುವವನೂ ದೀಪ ಹಚ್ಚಿಕೊಂಡು ಬಂದಿದ್ದ. ಪೋಸ್ಟರ್ ಓದುವ ಮೊದಲೇ ಕಣ್ಣಿಗೆ ಏನನ್ನೋ ಹೇಳಿಬಿಡುತ್ತದೆ ಎಂದು ನನಗೆ ಆಗ ತಿಳಿಯಿತು. ಗುಲಾಬಿ ಕಾಗದ, ಮರದ ಅಕ್ಷರ ಕಂಡವರು, ಅಂಗಡಿಯವರೂ ಸೇರಿ, ನಮ್ಮ ಪ್ರಶ್ನೆಯನ್ನು ಹೊಸ ಯಕ್ಷಗಾನ ಪ್ರಸಂಗದ ಹೆಸರೆಂದುಕೊಂಡಿದ್ದರು.

"ಎಂತ ಇದು? ಭಾಗವತರು ಎಲ್ಲಿ?" ಎಂದು ಮುಂದೆ ಕೂತಿದ್ದ ಮುದುಕರೊಬ್ಬರು ಚಾಪೆ ಮಡಚುತ್ತ ರೇಗಿದರು.

ನಾನು ಗೆಳೆಯನ ಬೆನ್ನ ಹಿಂದೆ ಸರಿದೆ. ಬುಟ್ಟಿಯ ಬಳಿ ಕೂತಿದ್ದ ಅಬ್ಬೆ ಎದ್ದು ನಿಂತಳು.

"ಆಟ ಇಲ್ಲ. ನಾಳೆ ಲಾರಿ ತಕಂಡು ಬತ್ರಂತೆ, ನಮ್ಮ ಬುಟ್ಟಿ ಎತ್ತೂಕೆ. ಆ ಗುಡ್ಡದ ಬುಡಕ್ಕೆ ನೀವು ಮೀನಿಗೆ ಬತ್ರಾ? ಹೇಳಿ."

ಮುದುಕರು ಮಡಚಿದ ಚಾಪೆಯನ್ನು ಮತ್ತೆ ಬಿಚ್ಚಿದರು. "ಬೆಳಗಿನ ತನಕ ಕೂರೂಕೆ ಅಂತ್ಲೇ ಬಂದದ್ದು. ಆತು, ಕೂರ್ವ" ಎಂದರು. ಒಂದಿಷ್ಟು ಜನ ಗೊಣಗುತ್ತ ಹೋದರು. ಉಳಿದವರು ನಿಜಕ್ಕೂ ಕೂತರು.

ಬೆಳಿಗ್ಗೆ ಕಡಲಿನ ಕಡೆಯಿಂದ ಬುಟ್ಟಿಗಳು ಬಂದವು, ಹಿಂದೆಯೇ ಲಾರಿಯೂ ಬಂತು. ದಾರಿಯ ತುಂಬ ಚಾಪೆ, ಚಾಪೆಯ ತುಂಬ ಜನ. ಚಾಲಕ ಹಾರ್ನ್ ಬಾರಿಸಿ ಬಾರಿಸಿ ಸೋತು ಕೆಳಗಿಳಿದ. ಜನರ ನಡುವೆ ದಾರಿ ಮಾಡಿಕೊಂಡು ಅಬ್ಬೆಯ ಎದುರು ಬಂದು ಬಗ್ಗಿದ. ಅವಳು ಎರಡೂ ಕೈಯಲ್ಲಿ ಬಂಗಡೆ ಮೀನಿನ ಬುಟ್ಟಿಯನ್ನು ಅವಚಿಕೊಂಡಳು.

"ಅಕ್ಕ, ಬಂಗಡೆ ಹ್ಯಾಂಗೆ ಕೊಟ್ಟೆ?" ಎಂದು ಅವನು ಕೇಳಿದ.