ಚಪ್ಪಟೆ ಕಮಾನಿಗೆ ಸಿಕ್ಕ ಬಂಡೆ

ಚನ್ನರಾಯನದುರ್ಗದ ಕಡೆ, ಎರಡು ಗುಡ್ಡಗಳ ನಡುವೆ ಹೊಳೆ ಇಕ್ಕಟ್ಟಾಗಿ ಹರಿಯುವ ಜಾಗಕ್ಕೆ ಸೇತುವೆಯ ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ಕಟ್ಟಡಗಳ ಕೆಲಸ ಮಾಡಿದ್ದೆನೇ ಹೊರತು ಸೇತುವೆಯ ತಂಟೆಗೆ ಹೋದವಳಲ್ಲ. ಜೋರು ಮಳೆಯಾದರೆ ಆ ಹೊಳೆ ಬುಡಸಮೇತ ಮರಗಳನ್ನು ಹೊತ್ತು ತರುತ್ತದೆ, ನಡುವೆ ಕಂಬ ನಿಲ್ಲಿಸುವಂತಿಲ್ಲ. ಎತ್ತರದ ಕಮಾನು ಕಟ್ಟಿದರೆ ಹುಲ್ಲು ಹೇರಿದ ಟ್ರ್ಯಾಕ್ಟರು ಹತ್ತುವುದು ಕಷ್ಟ. ಹಾಗಾಗಿ ಚಪ್ಪಟೆ ಕಮಾನನ್ನೇ ಆರಿಸಿದೆ.

ಕಮಾನು ಚಪ್ಪಟೆಯಾದಷ್ಟೂ ಎರಡೂ ದಡಗಳನ್ನು ಜೋರಾಗಿ ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಗಟ್ಟಿ ಬಂಡೆಯೇ ಬೇಕು. ಆಚೆ ದಡದಲ್ಲಿ ಇತ್ತು. ಈಚೆ ದಡದಲ್ಲಿ ನಾವು ಬಂಡೆಯೆಂದು ನಂಬಿದ್ದು, ಕೊರೆದು ನೋಡಿದರೆ, ಗುಡ್ಡದಿಂದ ಉರುಳಿ ಬಂದ ಗುಂಡು. ಅದರ ಕೆಳಗೆ ಸಡಿಲ ಮಣ್ಣು. ಅಷ್ಟು ದಿನದ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಈಚೆ ದಡದಲ್ಲೇ ತುಸು ಮೇಲ್ಗಡೆ ನಿಜವಾದ ಹಾಸುಬಂಡೆ ಸಿಕ್ಕಿತು. ಆದರೆ ಅದಕ್ಕೆ ತಾಗಿದ ಮಣ್ಣಿನಲ್ಲಿ, ಸೇತುವೆಯ ಬುಡ ಕೂರಬೇಕಾದ ಕಡೆಯೇ, ಅಲ್ಲಿನ ಹೊಲದ ತೀರಿಹೋದ ಯಜಮಾನರ ಸಮಾಧಿ. ನೋಟಿಸು ಕೊಟ್ಟರಾಯಿತು ಎಂದರು ಆಫೀಸಿನವರು. ಮೊದಲು ನಾನು ಕೇಳಿ ನೋಡುತ್ತೇನೆ ಎಂದು ಹೊರಟೆನಾದರೂ ದಾರಿಯುದ್ದಕ್ಕೂ ಮಾತು ಹೊಂದಿಸಲು ನೋಡಿ ಸೋತೆ.

ಯಜಮಾನರ ಹೆಂಡತಿ, ವಯಸ್ಸಾದ ಹೆಂಗಸು, ಹೊಲದಲ್ಲಿ ಹುರುಳಿ ಕೀಳುತ್ತಿದ್ದರು. ಹೇಗೋ ವಿಷಯ ಹೇಳಿ ತಲೆ ತಗ್ಗಿಸಿ ನಿಂತೆ. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ಅವ್ರಿಗೆ ನೀರು ಅಂದ್ರೆ ಆಗ್ತಿರ್ಲಿಲ್ಲ ಕಣಮ್ಮ. ಹೊಳೆ ಬಂದಾಗ್ಲೆಲ್ಲ ಎಲ್ಲಿ ಕೊಚ್ಕೊಂಡೋಗ್ಬುಡ್ತಾರೋ ಅಂತ ನಂಗೆ ನಿದ್ದೆನೇ ಇಲ್ಲ. ಮೇಲಿನ ಹೊಲುಕ್ಕೆ ತಂದ್ಬುಡಾನ."

ಸಮಾಧಿಯ ಸ್ಥಳ ಬದಲಿಸಬೇಕೆಂದು ಅವರು ಮನೆಯವರನ್ನು ಎಷ್ಟೋ ಸಲ ಕೇಳಿದ್ದರಂತೆ. ಮಣ್ಣು ಮಾಡಿದ ಜಾಗ ಮುಟ್ಟಬಾರದೆಂದು ಮೈದುನ ಹಠ ಹಿಡಿದಿದ್ದ. ಈಗ ಪೂಜೆ ಮಾಡಿಸುವ ಅಯ್ನೋರನ್ನೇ ಕರೆಸಿ ಕೇಳಿದಾಗ, ಒಳ್ಳೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದರು. ಮೈದುನನೂ ಒಪ್ಪಿ, ಪೂಜೆಯ ದಿನ ತಾನೇ ಮುಂದೆ ನಿಂತ. ನಾನು ಕಮಾನಿನ ಲೆಕ್ಕವನ್ನು ಹೊಸ ಜಾಗಕ್ಕೆ ಮೊದಲಿನಿಂದ ಹಾಕಿದೆ.

ಸೇತುವೆ ಕಟ್ಟಿ, ಕಮಾನಿನ ಕಾಂಕ್ರೀಟು ಗಟ್ಟಿಯಾದ ಮೇಲೆ ಕೆಳಗೆ ತಾತ್ಕಾಲಿಕವಾಗಿ ಕೊಟ್ಟಿದ್ದ ಆಸರೆಗಳನ್ನು ಒಂದೊಂದಾಗಿ ಸಡಿಲಿಸಿದರು. ನಾನು ದಡದಲ್ಲಿ ಕಮಾನು ಎಷ್ಟು ಇಳಿಯಿತೆಂದು ತೋರಿಸುವ ಮಾಪಕದ ಮುಳ್ಳನ್ನೇ ನೋಡುತ್ತ ಕೂತಿದ್ದೆ. ಕಮಾನು ಲೆಕ್ಕದಂತೆ ಕೂದಲೆಳೆಯಷ್ಟು ಇಳಿದು, ನಿಂತಿತು. ಮುಳ್ಳು ಆಮೇಲೆ ಅಲ್ಲಾಡಲಿಲ್ಲ.

ಹಿಂದೆ ಬಂದು ನಿಂತಿದ್ದ ಯಜಮಾನರ ಹೆಂಡತಿ, ಆಯ್ತೇನಮ್ಮ ಎಂದರು. ಆಯಿತು, ನಿಂತುಕೊಂಡಿತು ಎಂದೆ.

"ಅಂಗಾರೆ ಉಣ್ಣು ನಡಿ. ಬೆಳಗ್ಗಿಂದ ಏನೂ ತಿಂದಿಲ್ಲ ನೀನು."

ಅವರ ಮನೆಯ ಜಗಲಿಯಲ್ಲಿ ಕೂತು ಬಿಸಿ ಮುದ್ದೆ, ಹುರುಳಿ ಸಾರು ಉಂಡೆ. ಅಷ್ಟು ಹಸಿವಾಗಿತ್ತೆಂದು ಮೊದಲ ತುತ್ತಿನವರೆಗೂ ನನಗೇ ಗೊತ್ತಿರಲಿಲ್ಲ.