ಮೂರು ಬಿಕ್ಕಳಿಕೆ

ಪಟ್ಟಲಮ್ಮನಿಗೆ ತನ್ನ ಗಂಟಲೆಂದರೆ ಅಸಹ್ಯವಾಗತೊಡಗಿದ್ದು ೧೯೭೫ರಲ್ಲಿ. ಆಗ ಅವಳಿಗೆ ಇಪ್ಪತ್ತಮೂರು. ಹೊಲಿಗೆ ಕಲಿಯಲೆಂದು ಬೆಸಗರಹಳ್ಳಿಯಿಂದ ಮಂಡ್ಯಕ್ಕೆ ಬಂದವಳು, ಚಿಕ್ಕಮ್ಮ ಮಂಗಳಮ್ಮನ ಮನೆಯಲ್ಲಿದ್ದುಕೊಂಡು ಸಂಪತ್ ಕುಮಾರರ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹೇಳುತ್ತಿದ್ದಳು. ಕರಪತ್ರದಲ್ಲಿ ಅವಳ ಹೆಸರು ಮಿಸ್ ರೂಪಾ.

ಗ್ರಾಮಫೋನ್ ಪ್ಲೇಟಿನಲ್ಲಿ ಹೇಗಿದೆಯೋ ಹಾಗೆಯೇ ಹಾಡಬೇಕು, ಅದು ಸಂಪತ್ ಕುಮಾರರ ಪದ್ಧತಿ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಗ್ರಾಮಫೋನ್ ಹಾಕಿ, ಗಾಯಕಿ ಉಸಿರೆಳೆದ ಕಡೆ ಇವಳಿಂದಲೂ ಉಸಿರೆಳೆಸುತ್ತಿದ್ದರು. ಜನ ಹೆಚ್ಚು ಕೇಳುತ್ತಿದ್ದುದು ಕುಡಿದ ಹೆಣ್ಣೊಬ್ಬಳು ಕ್ಲಬ್ಬಿನಲ್ಲಿ ಹಾಡುವ ಹಾಡನ್ನು. ಅದರ ಪಲ್ಲವಿ ಮುಗಿದ ಮೇಲೆ ಮೂರು ಬಿಕ್ಕಳಿಕೆ. ಆ ಮೂರಕ್ಕೆ ಮುಂದಿನ ಸಾಲಿನ ಗಂಡಸರು ತೊಡೆ ತಟ್ಟಿಕೊಳ್ಳುತ್ತಿದ್ದರು. ಬಸ್ ನಿಲ್ದಾಣದಲ್ಲೂ ಬಿಡುತ್ತಿರಲಿಲ್ಲ.

"ನೀರು ತತ್ತಾರ್ಲಾ, ಬಿಕ್ಕಳಿಕೆ ರೂಪಾ ಬಂದವ್ಳೆ."

ಮುದ್ದೆ ನುಂಗುವಾಗ ನಿಜವಾಗಿ ಬಿಕ್ಕಳಿಕೆ ಬಂದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ತಟ್ಟೆ ಬಿಟ್ಟೇಳುವಳು.

ಆ ಹಾಡಿದ್ದ ಚಿತ್ರ ಮಂಡ್ಯಕ್ಕೆ ಎರಡನೇ ಸಲ ಬಂದಾಗ ಮ್ಯಾಟಿನಿಗೆ ಹೋದಳು. ತೆರೆಯ ಮೇಲಿನ ಹೆಣ್ಣು ಬಿಕ್ಕಿದ್ದು ಒಂದೇ ಸಲ. ಉಳಿದೆರಡು ಎಲ್ಲಿಂದ ಬಂದವೆಂದು ಕತ್ತಲಲ್ಲಿ ಕುಳಿತೇ ಅವಳಿಗೆ ಹೊಳೆಯಿತು. ಬಿಕ್ಕಳಿಕೆಯ ಜಾಗದಲ್ಲಿ ಸಂಪತ್ ಕುಮಾರರ ಪ್ಲೇಟು ಗೀರಿಹೋಗಿ, ಮುಳ್ಳು ಹಿಂದಕ್ಕೆ ಜಿಗಿದು ಅದನ್ನೇ ಮತ್ತೆ ನುಡಿಸುತ್ತಿತ್ತು. ಎರಡು ವರ್ಷ ಅವಳು ಒಂದು ಗೀರನ್ನು ಹಾಡುತ್ತಿದ್ದಳು. ನೇರ ಗಿರಣಿಯ ಮೇಲಿನ ಕೋಣೆಗೆ ಹೋಗಿ ಹೇಳಿದಳು.

ಸಂಪತ್ ಕುಮಾರರು ಕೇಳಿ ನಕ್ಕರು. "ಗೊತ್ತು ಕಣಮ್ಮ. ಆದ್ರೆ ಜನಕ್ಕೆ ಮೂರು ರೂಢಿಯಾಗಿದೆ. ಒಂದು ಕೊಟ್ಟರೆ ಮೋಸ ಅಂತಾರೆ."

"ಹಂಗಾರೆ ನಂದೊಂದು ಹಾಡು ಹೇಳಕ್ಕೆ ಬುಡಿ ಮಾಸ್ಟ್ರೇ. ಮೊದ್ಲು ಬಿಕ್ಕಳಿಕೇದ ಹಾಡಿ, ಆಮೇಲೆ ನಂದ ಹಾಡ್ತೀನಿ."

ಆ ಹಾಡು ಅವಳೇ ಕಟ್ಟಿದ್ದು. ನಾಟಿ ಹಾಕುವ ಹೆಂಗಸರ ಮೇಲಿನದು. ತಂಡದ ಗಿಟಾರಿನವರು ಯೋಗಾನರಸಿಂಹ, ಕರೆಂಟು ಆಫೀಸಿನ ಗುಮಾಸ್ತರು. ಅವರು ಅದಕ್ಕೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೊಡಲಿಯೇಟಿನಂಥ ತಾಳ ಕೂಡಿಸಿದ್ದರು. ಸಂಪತ್ ಕುಮಾರರು ಒಪ್ಪಿದರು.

ಮದ್ದೂರಿನ ಕಾಲೇಜೊಂದರ ವಾರ್ಷಿಕೋತ್ಸವ, ಮಧ್ಯಾಹ್ನದ ಹೊತ್ತು. ಪಟ್ಟಲಮ್ಮ ಮೊದಲು ಮೂರು ಸಲ ಬಿಕ್ಕಿದಳು. ಶಿಳ್ಳೆ ನಿಂತ ಮೇಲೆ ಸಂಪತ್ ಕುಮಾರರು ಮೈಕಿಗೆ ಬಂದು, "ಇನ್ನು, ಸದ್ಯದಲ್ಲೇ ಬಿಡುಗಡೆಯಾಗಲಿರುವ ಚಿತ್ರದಿಂದ" ಎಂದರು.

ತಾನು ಕಟ್ಟಿದ ಹಾಡಿಗೂ ಇಲ್ಲದ ಚಿತ್ರವೊಂದು ಎರವಲು ಅಪ್ಪ. ಪಟ್ಟಲಮ್ಮ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಇದು ಯಾವ ಪಿಚ್ಚರ್ದೂ ಅಲ್ಲ. ನಾನು ಕಟ್ಟಿದ್ದು. ನನ್ನೆಸ್ರು ಪಟ್ಟಲಮ್ಮ."

*ಕೆಸರಲ್ಲಿ ಕಾಲು, ಬಿಸಿಲಲ್ಲಿ ಬೆನ್ನು,*
*ಯಾರ್ದವ್ವ ಈ ಗದ್ದೆ, ಯಾರ್ದವ್ವ ಅನ್ನ?*

ಅವಳ ಸ್ವಂತ ದನಿ ದಪ್ಪಗಿತ್ತು, ಒರಟಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಬಿಕ್ಕಿದ. ಇನ್ನೊಬ್ಬ ಬಿಕ್ಕಿದ. ಆಮೇಲೆ ಬೆಂಚಿಗೆ ಬೆಂಚೇ ಬಿಕ್ಕತೊಡಗಿತು, ಕೊಳೆತ ಹೊಂಡದಲ್ಲಿ ಕಪ್ಪೆಗಳು ವಟಗುಟ್ಟಿದ ಹಾಗೆ. ಅಧ್ಯಾಪಕರೊಬ್ಬರು ಕರವಸ್ತ್ರದ ಮರೆಯಲ್ಲಿ ನಗುತ್ತಿದ್ದರು. ಯೋಗಾನರಸಿಂಹರು ತಲೆಯೆತ್ತದೆ ಗಿಟಾರಿನ ಸದ್ದು ಏರಿಸಿದರು. ಅವಳು ಕೊನೆಯ ಸಾಲಿನವರೆಗೂ ಹಾಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪರದೆಯ ಹಿಂದೆ ಸಂಪತ್ ಕುಮಾರರು ಹೇಳಿದರು: "ನಾಳೆ ಮಳವಳ್ಳಿ ಮದುವೆಗೆ ರೂಪಾ ಬರಲಿ. ಪಟ್ಟಲಮ್ಮ ಬೇಡ."

"ರೂಪಾನ ನೀವೇ ಹುಡಿಕ್ಕೊಳ್ಳಿ ಮಾಸ್ಟ್ರೇ."

ಮಂಡ್ಯದ ಬಸ್ಸಿನಲ್ಲಿ ಯೋಗಾನರಸಿಂಹರು ಅವಳ ಮುಂದಿನ ಸೀಟಿನಲ್ಲಿ ಕುಳಿತಿದ್ದರು. "ಬೇಜಾರಾಯ್ತೇನ್ರಿ?" ಎಂದು ಕೇಳಿದರು.

"ಅವ್ರ ಮಾತು ಬುಡಿ, ಥೂ. ನನ್ನ ಹಾಡಲ್ಲಿ ಎಲ್ಡನೇ ಸಾಲು ಉದ್ದ ಆಗೋಯ್ತು ಸಾರ್. ಅಲ್ಲಿ ನಂಗೆ ಉಸ್ರು ಸಾಲ್ದು. ಅದ ಮುರೀಬೇಕು."

ಅವರು ತಿರುಗಿ ಕುಳಿತು, ಸೀಟಿನ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕಿದರು. "ಎಲ್ಲಿ ಮುರಿಯೋಣ, ಹೇಳಿ."